ಹಳೇ ಜಾವಾ, ಒಂದು ಬಿರುಕು

ಬುಲೆಟ್ಟಿನ ಎಂಜಿನ್ ಕೇಸ್ ಬಿರುಕು ಬಿಟ್ರೆ ಎಣ್ಣೆ ಸೋರುತ್ತೆ. ಪಾರ್ಕಿಂಗ್ ಜಾಗದಲ್ಲಿ ಕಪ್ಪು ಕಲೆ ಬೀಳುತ್ತೆ, ಅಪಾರ್ಟ್‌ಮೆಂಟ್ ಸೆಕ್ರೆಟರಿ ವಾಟ್ಸಾಪ್ ಗ್ರೂಪಿನಲ್ಲಿ ಫೋಟೋ ಹಾಕ್ತಾರೆ, ಅಲ್ಲಿಗೆ ಮುಗೀತು. ಜಾವಾದ ಕಥೆ ಹಾಗಲ್ಲ. ಅದು ಟೂ-ಸ್ಟ್ರೋಕ್. ಪೆಟ್ರೋಲ್, ಅದರಲ್ಲೇ ಬೆರೆಸಿದ ಆಯಿಲ್, ಗಾಳಿ ಮೂರೂ ಸಿಲಿಂಡರಿಗೆ ಹೋಗೋಕೆ ಮುಂಚೆ ಕೆಳಗಿನ ಕ್ರ್ಯಾಂಕ್‌ಕೇಸಿನೊಳಗೆ ಬರಬೇಕು. ಪಿಸ್ಟನ್ ಮೇಲಕ್ಕೆ ಹೋದಾಗ ಕೇಸಿನೊಳಗೆ ಒತ್ತಡ ಕಮ್ಮಿಯಾಗಿ ಮಿಶ್ರಣವನ್ನ ಎಳ್ಕೊಳ್ಳುತ್ತೆ, ಕೆಳಗೆ ಬಂದಾಗ ಅದನ್ನೇ ಒತ್ತಿ ಮೇಲಕ್ಕೆ ತಳ್ಳುತ್ತೆ. ಅಂದ್ರೆ ಆ ಕೇಸು ಬರೀ ಡಬ್ಬ ಅಲ್ಲ, ಪಂಪು. ಅದರಲ್ಲಿ ಕೂದಲೆಳೆಯಷ್ಟು ಬಿರುಕು ಬಿದ್ರೂ ಕಾರ್ಬುರೇಟರಿನ ಲೆಕ್ಕಕ್ಕೆ ಸಿಗದ ಗಾಳಿ ಒಳಗೆ ನುಗ್ಗುತ್ತೆ. ಪೆಟ್ರೋಲಿನ ಪಾಲು ಕಮ್ಮಿ ಆಗುತ್ತೆ, ಅದರ ಜೊತೆ ಬರೋ ಆಯಿಲ್ಲಿನ ಪಾಲೂ ಕಮ್ಮಿ ಆಗುತ್ತೆ. ಎಂಜಿನ್ ಕಾದು ಕಾದು ಒಂದು ದಿನ ಪಿಸ್ಟನ್ ಸಿಲಿಂಡರಿಗೆ ಕಚ್ಕೊಂಡು ನಿಲ್ಲುತ್ತೆ. ಮೆಕ್ಯಾನಿಕ್ಕುಗಳ ಬಾಯಲ್ಲಿ 'ಸೀಜ್ ಆಯ್ತು'. ಆ ಹೊತ್ತಿಗೆ ನೀವು ಅರವತ್ತರ ಸ್ಪೀಡಲ್ಲಿ ಮೈಸೂರು ರಸ್ತೆ ಮೇಲಿದ್ರೆ, ಕ್ಲಚ್ ಹಿಡಿಯೋಕೂ ಪುರುಸೊತ್ತು ಕೊಡದೆ ಹಿಂದಿನ ಚಕ್ರ ಲಾಕ್ ಆಗುತ್ತೆ.

ಹಾಗಾದ್ರೆ ಕೇಸನ್ನೇ ಬದಲಾಯಿಸಿದ್ರೆ ಆಯ್ತಲ್ಲ ಅಂತೀರಾ? ಆಫೀಸಲ್ಲಿ ನಮಗೆ ಕಲಿಸಿರೋದೇ ಅದು: ಕೆಟ್ಟಿದ್ದನ್ನ ಕಿತ್ತು ಹೊಸದು ಹಾಕು. ಜಾವಾದಲ್ಲಿ ಅದಕ್ಕೆ ಎರಡು ಅಡ್ಡಿ. ಒಂದು, ಹೊಸ ಕೇಸ್ ಎಲ್ಲಿದೆ? ಪಿಸ್ಟನ್, ಕೇಬಲ್, ರಬ್ಬರ್ ಸಾಮಾನು ಈಗಲೂ ಜೆ.ಸಿ. ರಸ್ತೆ ಸುತ್ತಿದ್ರೆ ಸಿಗುತ್ತೆ. ಕೇಸ್ ಬೇಕು ಅಂದ್ರೆ ಇನ್ನೊಂದು ಸತ್ತ ಬೈಕನ್ನೇ ಹುಡುಕಬೇಕು. ಎರಡನೇದು ಇನ್ನೂ ದೊಡ್ಡದು. ಎಂಜಿನ್ ನಂಬರ್ ಒತ್ತಿರೋದು ಆ ಕೇಸಿನ ಮೇಲೇ. ಗುಜರಿಯಿಂದ ತಂದ ಕೇಸ್ ಇನ್ಯಾರದೋ ಬೈಕಿನ ನಂಬರ್ ಹೊತ್ಕೊಂಡು ಬರುತ್ತೆ. ಆ ಬೈಕಿನ ಹಿಂದೆ ಯಾವ ಸಾಲ, ಯಾವ ಕಳ್ಳತನ ಇದೆಯೋ ಯಾರಿಗೆ ಗೊತ್ತು? ಎಂಜಿನ್ ಬದಲಾವಣೆಗೆ ಮೋಟಾರು ವಾಹನ ಕಾಯ್ದೆಯಲ್ಲಿ ಅವಕಾಶ ಇದೆ, ಆದರೆ ಮೊದಲೇ ಅನುಮತಿ ಪಡೀಬೇಕು. ಎಲ್ಲಾ ಸರಿಹೋದರೂ, ಅಜ್ಜನ ಆರ್‌ಸಿ ಪುಸ್ತಕದಲ್ಲಿರೋ ನಂಬರಿನ ಎಂಜಿನ್ ಅದಲ್ಲ ಅನ್ನೋದು ಉಳಿದೇ ಉಳಿಯುತ್ತೆ.

ಅದಕ್ಕೇ ಹಳೇ ಜಾವಾದ ಬಿರುಕನ್ನ ಜನ ಬೆಸೀತಾರೆ. ಇದನ್ನ ನೋಡಿ 'ಜುಗಾಡ್' ಅನ್ನೋರಿದ್ದಾರೆ. ನಂಗೆ ಆ ಪದ ಇಲ್ಲಿ ಸರಿ ಕಾಣಲ್ಲ. ರಸ್ತೆ ಬದಿ ಶೆಡ್ಡಿನಲ್ಲಿ ಒಬ್ಬ ಮೆಕ್ಯಾನಿಕ್ ಬಿರುಕನ್ನ ಹುಡುಕೋ ರೀತಿ, ಅದನ್ನ ತಡೆಯೋ ರೀತಿ, ಮುಚ್ಚೋ ರೀತಿ, ಇದೊಂದೂ ಆ ಶೆಡ್ಡಿನಲ್ಲಿ ಹುಟ್ಟಿದ್ದಲ್ಲ. ರೈಲು, ಹಡಗು, ವಿಮಾನಗಳಿಂದ ಬಂದ ವಿದ್ಯೆ ಅದು. ಅವನಿಗೆ ಆ ಹೆಸರುಗಳು ಗೊತ್ತಿಲ್ಲದೇ ಇರಬಹುದು, ಕೈಗೆ ಗೊತ್ತು.

ಮೊದಲು ಜಾವಾದ್ದೇ ಹೇಳಿಬಿಡ್ತೀನಿ. ಜೆಕೊಸ್ಲೊವಾಕಿಯಾದಲ್ಲಿ ಫ್ರಾಂಟಿಶೆಕ್ ಯಾನೆಚೆಕ್ ಅನ್ನೋ ಶಸ್ತ್ರಾಸ್ತ್ರ ತಯಾರಕ 1929ರಲ್ಲಿ ಜರ್ಮನಿಯ ವಾಂಡರರ್ ಕಂಪನಿಯಿಂದ ಮೋಟಾರ್ ಸೈಕಲ್ ತಯಾರಿಸೋ ಹಕ್ಕು ಕೊಂಡ. ತನ್ನ ಹೆಸರಿನ ಮೊದಲೆರಡು ಅಕ್ಷರ, ವಾಂಡರರ್ ಹೆಸರಿನ ಮೊದಲೆರಡು ಅಕ್ಷರ ಸೇರಿಸಿ ಜಾವಾ ಅಂತ ಹೆಸರಿಟ್ಟ. ಹೆಸರೇ ಬೆಸುಗೆ ಹಾಕಿದ್ದು ನೋಡಿ! ಇಂಡಿಯಾದಲ್ಲಿ 1950ರ ದಶಕದಲ್ಲಿ ಆಮದಿಗೆ ಕಡಿವಾಣ ಬಿತ್ತು. ಹೊರಗಿನಿಂದ ತಂದು ಮಾರೋದು ಕಷ್ಟ ಆದಾಗ ಇಲ್ಲೇ ತಯಾರಿಸೋ ದಾರಿ ಹುಡುಕಿದವರು ರುಸ್ತುಂ ಮತ್ತು ಫಾರೂಕ್ ಇರಾನಿ. ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆ ಎದ್ದಿತು, 1961ರಲ್ಲಿ ಜಯಚಾಮರಾಜೇಂದ್ರ ಒಡೆಯರ್ ಅದನ್ನ ಉದ್ಘಾಟಿಸಿದರು. 1970ರ ದಶಕದಲ್ಲಿ ಹೆಸರು ಯೆಜ್ಡಿ ಆಯಿತು. 1996ರಲ್ಲಿ ಬಾಗಿಲು ಹಾಕಿತು. 2018ರಲ್ಲಿ ಜಾವಾ ಹೆಸರು ವಾಪಸ್ ಬಂತು, ಆದರೆ ಅದು ಬೇರೇ ಫೋರ್-ಸ್ಟ್ರೋಕ್ ಎಂಜಿನ್. ಹಳೇ ಬೈಕಿಗೆ ಅದರ ಕೇಸ್ ಕೂರಲ್ಲ.

ಈ 1961 ಮತ್ತು 1996ರ ನಡುವೆ ನಮ್ಮ ದೇಶದ ರಿಪೇರಿ ಸಂಸ್ಕೃತಿ ಗಟ್ಟಿಯಾಗಿದ್ದು ಅನ್ನೋದು ನನ್ನ ಅನಿಸಿಕೆ. ಸ್ಕೂಟರಿಗೆ ಬುಕ್ ಮಾಡಿ ವರ್ಷಗಟ್ಟಲೆ ಕಾಯ್ತಿದ್ದ ಕಾಲ. ಕೈಗೆ ಬಂದ ಗಾಡಿ ಮುರಿದ್ರೆ ಸರಿ ಮಾಡ್ಕೋಬೇಕಿತ್ತು, ಇನ್ನೊಂದು ಬರ್ತಿರಲಿಲ್ಲ. ಕೊರತೆ ಒಳ್ಳೇದಿತ್ತು ಅಂತ ನಾನು ಹೇಳ್ತಿಲ್ಲ. ಕ್ಯೂನಲ್ಲಿ ನಿಂತವರನ್ನ ಕೇಳಿ, ಬೈತಾರೆ.

ಈಗ ಬಿರುಕಿಗೆ ಬರೋಣ. ಗಟ್ಟಿ ಲೋಹ ಯಾಕೆ ಬಿರುಕು ಬಿಡುತ್ತೆ? ಭಾರ ಜಾಸ್ತಿ ಆದ್ರೆ ಮುರಿಯುತ್ತೆ ಅಂತ ಎಲ್ಲರೂ ಅಂದ್ಕೊಂಡಿದ್ರು. 1842ರ ಮೇ 8ರಂದು ವರ್ಸೈಯಿಂದ ಪ್ಯಾರಿಸ್ಸಿಗೆ ಹೊರಟಿದ್ದ ರೈಲಿನ ಎಂಜಿನ್ ಅಚ್ಚು ಮುರಿದು, ಗಾಡಿ ಉರುಳಿ ಬೆಂಕಿ ಹತ್ಕೊಂಡು 50ಕ್ಕೂ ಹೆಚ್ಚು ಜನ ಸತ್ತರು. ಬೋಗಿಗಳ ಬಾಗಿಲಿಗೆ ಹೊರಗಿಂದ ಬೀಗ ಹಾಕಿದ್ದರು. ದಿನಾ ಓಡ್ತಿದ್ದ, ಹೆಚ್ಚಿನ ಭಾರ ಏನೂ ಹೊರದಿದ್ದ ಅಚ್ಚು ಆವತ್ತು ಯಾಕೆ ಮುರೀತು? ಪ್ರಷ್ಯಾದ ರೈಲ್ವೆ ಎಂಜಿನಿಯರ್ ಆಗಸ್ಟ್ ವ್ಯೋಲರ್ ಇಂಥ ಪ್ರಶ್ನೆ ಹಿಡಿದು ವರ್ಷಗಟ್ಟಲೆ ಅಚ್ಚುಗಳನ್ನ ತಿರುಗಿಸಿ ತಿರುಗಿಸಿ ನೋಡಿದ. 1860ರ ದಶಕದ ಹೊತ್ತಿಗೆ ಉತ್ತರ ಸ್ಪಷ್ಟ ಆಯ್ತು. ಒಂದೇ ಸಲಕ್ಕೆ ಮುರಿಯೋಕೆ ಬೇಕಾದ ಭಾರಕ್ಕಿಂತ ಎಷ್ಟೋ ಕಮ್ಮಿ ಭಾರವೂ ಲಕ್ಷಾಂತರ ಸಲ ಬಂದು ಹೋದ್ರೆ ಲೋಹವನ್ನ ಮುರಿಯುತ್ತೆ. ಲೋಹಕ್ಕೂ ದಣಿವಿದೆ.

ಜಾವಾ ಸಿಂಗಲ್ ಸಿಲಿಂಡರ್. ನಿಮಿಷಕ್ಕೆ 3000 ಸುತ್ತಿನಲ್ಲಿ ಓಡಿದ್ರೆ ಗಂಟೆಗೆ 1,80,000 ಸಲ ಅದರ ಕೇಸು ಒಂದು ಗುದ್ದು ತಿನ್ನುತ್ತೆ. ಎಂಜಿನ್ನನ್ನ ಫ್ರೇಮಿಗೆ ಕಟ್ಟಿರೋ ಬೋಲ್ಟುಗಳಲ್ಲಿ ಒಂದು ಸಡಿಲ ಆಗಿದ್ರೂ ಆ ಗುದ್ದೆಲ್ಲ ಉಳಿದ ಕಿವಿಗಳ ಮೇಲೆ ಬೀಳುತ್ತೆ. ಬಿರುಕು ಹುಟ್ಟೋದು ಹೆಚ್ಚಾಗಿ ಅಲ್ಲೇ. ಇನ್ನೊಂದು ದಾರಿ, ಚೈನ್ ತುಂಡಾಗಿ ಮುಂದಿನ ಸ್ಪ್ರಾಕೆಟ್ ಹತ್ರ ಗಂಟು ಬಿದ್ದು ಕೇಸನ್ನ ಒಳಗಿಂದ ಒಡೆಯೋದು. ಅದು ದಣಿವಲ್ಲ, ಕೊಲೆ.

ಬಿರುಕು ಹುಡುಕೋದೇ ಅರ್ಧ ಕೆಲಸ. ಹಳೇ ಮೆಕ್ಯಾನಿಕ್ಕುಗಳು ಏನ್ಮಾಡ್ತಾರೆ ಗೊತ್ತಾ? ಕೇಸನ್ನ ಚೆನ್ನಾಗಿ ತೊಳೆದು ಸೀಮೆಎಣ್ಣೆಯಲ್ಲಿ ನೆನೆಹಾಕ್ತಾರೆ. (ಈಗ ಸೀಮೆಎಣ್ಣೆ ಸಿಗಲ್ಲ ಅಂತ ಡೀಸೆಲ್.) ಆಮೇಲೆ ಬಟ್ಟೇಲಿ ಒರೆಸಿ ಸೀಮೆಸುಣ್ಣದ ಪುಡಿ ಸವರಿ ಒಂದು ಟೀ ಕುಡಿದು ಬರ್ತಾರೆ. ಬಿರುಕಿನೊಳಗೆ ಇಳಿದಿದ್ದ ಎಣ್ಣೆ ಮೆಲ್ಲಗೆ ಮೇಲೆ ಬಂದು ಬಿಳಿ ಪುಡಿ ಮೇಲೆ ಕಪ್ಪು ಗೆರೆ ಬರೆಯುತ್ತೆ. ರೈಲ್ವೆ ವರ್ಕ್‌ಶಾಪುಗಳಲ್ಲಿ ಅಚ್ಚು, ಚಕ್ರ ಪರೀಕ್ಷೆ ಮಾಡ್ತಿದ್ದ ಎಣ್ಣೆ-ಸುಣ್ಣದ ವಿಧಾನ ಇದೇ. 1940ರ ದಶಕದ ಆರಂಭದಲ್ಲಿ ಅಮೆರಿಕದ ರಾಬರ್ಟ್ ಸ್ವಿಟ್ಜರ್ ಮತ್ತು ಜೋಸೆಫ್ ಸ್ವಿಟ್ಜರ್ ಅನ್ನೋ ಅಣ್ಣ-ತಮ್ಮ ಎಣ್ಣೆ ಬದಲು ಹೊಳೆಯೋ ಬಣ್ಣ ಹಾಕಿ, ನೇರಳಾತೀತ ದೀಪದಡಿ ಬಿರುಕು ಮಿನುಗೋ ಹಾಗೆ ಮಾಡಿದ್ರು. ಇವತ್ತು ವಿಮಾನದ ಬಿಡಿಭಾಗಗಳನ್ನ ನೋಡೋದು ಹಾಗೇ. ಮೈಸೂರಿನಲ್ಲೇ ಹಳೇ ರೈಲ್ವೆ ವರ್ಕ್‌ಶಾಪ್ ಇದೆ. ಈ ಸುಣ್ಣದ ವಿದ್ಯೆ ಅಲ್ಲಿಂದ ಯಾರ ಕೈ ಹಿಡಿದು ಗ್ಯಾರೇಜಿಗೆ ಬಂತು ಅಂತ ಯಾರೂ ಬರೆದಿಟ್ಟಿಲ್ಲ. ನಮ್ಮಲ್ಲಿ ಸಾಹಿತ್ಯ ಚರಿತ್ರೆಗೆ ಸಂಪುಟಗಳಿವೆ, ವೆಲ್ಡರುಗಳ ಚರಿತ್ರೆಗೆ ಒಂದು ಪುಟ ಇಲ್ಲ.

ಗೆರೆ ಕಂಡ ಮೇಲೆ ಅದರ ಎರಡೂ ತುದಿಗೆ ಸಣ್ಣ ತೂತು ಕೊರೀತಾರೆ. ಬಿರುಕು ಬಿಟ್ಟ ಜಾಗದಲ್ಲಿ ಇನ್ನೂ ತೂತಾ ಅಂತ ಯಾರಿಗಾದ್ರೂ ಅನ್ಸುತ್ತೆ. 1913ರಲ್ಲಿ ಕೇಂಬ್ರಿಡ್ಜಿನ ಚಾರ್ಲ್ಸ್ ಇಂಗ್ಲಿಸ್ ಇದರ ಲೆಕ್ಕ ಹಾಕಿ ತೋರಿಸಿದ. ತಗಡಿನಲ್ಲಿ ದುಂಡು ತೂತಿದ್ರೆ ಅದರ ಅಂಚಲ್ಲಿ ಒತ್ತಡ 3 ಪಟ್ಟು ಆಗುತ್ತೆ. ತೂತು ಉದ್ದ ಆಗಿ ತುದಿ ಚೂಪಾದಷ್ಟೂ ಈ ಪಟ್ಟು ಏರುತ್ತೆ. ಅವನ ಸೂತ್ರ ಹಿಡಿದು ನಾನೇ ಲೆಕ್ಕ ಮಾಡಿದೆ: 20 ಮಿಲಿಮೀಟರ್ ಉದ್ದದ ಬಿರುಕು, ತುದಿಯ ತ್ರಿಜ್ಯ 0.01 ಮಿಲಿಮೀಟರ್ ಅಂತಿಟ್ಕೊಂಡ್ರೆ ತುದಿಯಲ್ಲಿ ಒತ್ತಡ ಸುಮಾರು 64 ಪಟ್ಟು. ಎರಡೂ ತುದಿಗೆ 3 ಮಿಲಿಮೀಟರ್ ತೂತು ಕೊರೆದ್ರೆ ಅದು ಸುಮಾರು 6.5 ಪಟ್ಟಿಗೆ ಇಳಿಯುತ್ತೆ. ಒಂದು ಡ್ರಿಲ್ ಬಿಟ್ಟಿಂದ ಹತ್ತರಲ್ಲಿ ಒಂಬತ್ತು ಪಾಲು ತಲೆನೋವು ಹೋಯ್ತು. ತೂತು ಬಿರುಕಿನ ನಿಜವಾದ ತುದಿಯ ಮೇಲೇ ಬೀಳಬೇಕು, ಅಷ್ಟೇ ಷರತ್ತು. ಕಣ್ಣಿಗೆ ಕಾಣೋ ತುದಿಗಿಂತ ಅದು ಚೂರು ಮುಂದಿರುತ್ತೆ. ಸುಣ್ಣದ ಗೆರೆ ಬೇಕಾಗೋದು ಅದಕ್ಕೇ.

ಬಿರುಕು ಯಾವಾಗ ತಾನಾಗೇ ಓಡೋಕೆ ಶುರು ಮಾಡುತ್ತೆ ಅನ್ನೋದನ್ನ 1920ರ ಸುಮಾರಿಗೆ ಎ.ಎ. ಗ್ರಿಫಿತ್ ಗಾಜಿನ ಮೇಲೆ ಪ್ರಯೋಗ ಮಾಡಿ ವಿವರಿಸಿದ. ಆಗ ಹೆಚ್ಚು ಜನ ತಲೆ ಕೆಡಿಸ್ಕೊಳ್ಳಲಿಲ್ಲ. 1943ರ ಜನವರಿ 16ರಂದು ಅಮೆರಿಕದ ಪೋರ್ಟ್‌ಲ್ಯಾಂಡಿನಲ್ಲಿ ಸ್ಕೆನೆಕ್ಟಡಿ ಅನ್ನೋ ಹೊಚ್ಚ ಹೊಸ ತೈಲ ಹಡಗು, ಅಲೆಯೇ ಇಲ್ಲದ ನೀರಲ್ಲಿ ದಡಕ್ಕೆ ಕಟ್ಟಿ ಹಾಕಿದ್ದ ಹಾಗೇ ಸೊಂಟ ಮುರ್ಕೊಂಡಿತು. ರಿವೆಟ್ ಹೊಡೆದ ಹಳೇ ಹಡಗುಗಳಲ್ಲಿ ಬಿರುಕು ಒಂದು ತಗಡಿನ ಅಂಚಿಗೆ ಬಂದು ನಿಲ್ತಿತ್ತು. ವೆಲ್ಡ್ ಮಾಡಿದ ಹಡಗು ಒಂದೇ ತಗಡಿನ ಹಾಗೆ, ಬಿರುಕಿಗೆ ಎಲ್ಲೂ ಬೇಲಿ ಇಲ್ಲ. ಆಮೇಲೆ ಅಂಥ ಹಡಗುಗಳಿಗೆ ಬೇಕಂತಲೇ ರಿವೆಟ್ ಪಟ್ಟಿ ಹಾಕಿ ಬೇಲಿ ಕಟ್ಟಬೇಕಾಯ್ತು. ಬೆಸುಗೆ ಅಂದ್ರೆ ಎಲ್ಲಾ ಸರಿಹೋಯ್ತು ಅಂತಲ್ಲ ಅನ್ನೋದು ಜಗತ್ತಿಗೆ ತಿಳಿದಿದ್ದು ಹೀಗೆ.

ಜಾವಾದಲ್ಲಿ ಎರಡು ಜಾತಿಯ ಲೋಹ ಇದೆ, ಎರಡರ ಸ್ವಭಾವವೂ ಬೇರೆ. ಸಿಲಿಂಡರ್ ಬೀಡು ಕಬ್ಬಿಣ. ಕ್ರ್ಯಾಂಕ್‌ಕೇಸ್ ಅಲ್ಯೂಮಿನಿಯಂ ಎರಕ.

ಬೀಡು ಕಬ್ಬಿಣ ಹಳ್ಳಿಯವರಿಗೆ ಹೊಸದಲ್ಲ. ನಮ್ಮೂರಲ್ಲಿ ಪಂಪ್‌ಸೆಟ್ಟಿನ ಹೊಟ್ಟೆ ಬಿರುಕು ಬಿಟ್ರೆ ಗೋಣಿಚೀಲದಲ್ಲಿ ಕಟ್ಕೊಂಡು ಬಸ್ಸಿನ ಮೇಲೆ ಹಾಕಿ ಪೇಟೆಯ ಗ್ಯಾಸ್ ವೆಲ್ಡಿಂಗ್ ಅಂಗಡಿಗೆ ಹೋಗ್ತಿದ್ವಿ. ಅವನು ಅದನ್ನ ಇದ್ದಿಲಲ್ಲಿ ಇಡಿಯಾಗಿ ಕಾಯಿಸಿ, ಬಿಳಿಗಾರ ಉದುರಿಸಿ, ಹಿತ್ತಾಳೆ ಕಡ್ಡಿ ಕರಗಿಸಿ ಹರಿಸ್ತಿದ್ದ. ಆಮೇಲೆ ಬೂದಿಯಲ್ಲಿ ಹೂತಿಡ್ತಿದ್ದ. "ಗೌಡ್ರೇ, ಅವಸರ ಮಾಡ್ಬೇಡಿ. ಬೂದೀಲಿ ಮಲಗ್ಲಿ, ನಾಳೆ ಬನ್ನಿ" ಅಂತಿದ್ದ. "ಇವತ್ತು ರಾತ್ರಿ ಕರೆಂಟ್ ನಮ್ದು ಕಣಪ್ಪಾ" ಅಂತ ಅಪ್ಪ ಗೋಗರೆದರೂ ಕೊಡ್ತಿರಲಿಲ್ಲ.

ಕೊಡದೇ ಇದ್ದಿದ್ದಕ್ಕೆ ಕಾರಣ ಇದೆ. ಬೀಡಿನಲ್ಲಿ ಶೇಕಡಾ 2ರಿಂದ 4ರಷ್ಟು ಇಂಗಾಲ ಇರುತ್ತೆ, ಬಹುಪಾಲು ಗ್ರಾಫೈಟ್ ಪದರುಗಳಾಗಿ. ಬಿಸಿಯಾಗಿ ತಟ್ಟನೆ ತಣ್ಣಗಾದ್ರೆ ಆ ಇಂಗಾಲ ಪದರಾಗೋಕೆ ಸಮಯ ಸಿಗದೆ ಕಬ್ಬಿಣದ ಜೊತೆ ಸೇರಿ ಗಾಜಿನ ಹಾಗೆ ಗಡುಸಾಗುತ್ತೆ. ಬೆಸುಗೆ ಗಟ್ಟಿಯಾಗೇ ಇರುತ್ತೆ, ಅದರ ಪಕ್ಕದಲ್ಲೇ ಹೊಸ ಬಿರುಕು 'ಟಿಂಗ್' ಅಂತ ಸದ್ದು ಮಾಡ್ಕೊಂಡು ಹುಟ್ಟುತ್ತೆ. ಅದಕ್ಕೇ ಇಡಿಯಾಗಿ ಕಾಯಿಸೋದು, ಕಬ್ಬಿಣ ಕರಗದಷ್ಟು ಕಮ್ಮಿ ಶಾಖದಲ್ಲಿ ಹಿತ್ತಾಳೆ ಹರಿಸೋದು, ಬೂದಿಯಲ್ಲಿ ಮಲಗಿಸೋದು. ಜಾವಾ ಸಿಲಿಂಡರಿನ ಮುರಿದ ಫಿನ್ನುಗಳನ್ನ ಜೋಡಿಸೋದೂ ಇದೇ ರೀತಿ. ಆ ಅಂಗಡಿಯವನ ಉರಿಗೂ ವಯಸ್ಸೇನೂ ಬಹಳ ಇಲ್ಲ. ಕಾರ್ಬೈಡ್ ಕಲ್ಲಿಗೆ ನೀರು ಬಿಟ್ರೆ ಬರೋ ಅಸಿಟಿಲೀನನ್ನ ಆಮ್ಲಜನಕದ ಜೊತೆ ಉರಿಸೋ ಟಾರ್ಚನ್ನ ಫ್ರಾನ್ಸಿನ ಎಡ್ಮಂಡ್ ಫೂಶೆ ಮತ್ತು ಚಾರ್ಲ್ಸ್ ಪಿಕಾರ್ ರೂಪಿಸಿದ್ದು 1903ರ ಹೊತ್ತಿಗೆ. ಅದರ ಉರಿ 3000 ಡಿಗ್ರಿ ಸೆಲ್ಸಿಯಸ್ ದಾಟುತ್ತೆ.

ಬೀಡಿಗೆ ಬೆಸುಗೆ ನಿಲ್ಲುತ್ತೆ ಅನ್ನೋ ನಂಬಿಕೆ ಬಂದಿದ್ದು ಒಂದು ಯುದ್ಧದ ಹಟದಿಂದ. ಮೊದಲ ಮಹಾಯುದ್ಧ ಶುರುವಾದಾಗ ಅಮೆರಿಕದ ಬಂದರುಗಳಲ್ಲಿ ಜರ್ಮನ್ ಹಡಗುಗಳು ಸಿಕ್ಕಿಬಿದ್ದಿದ್ವು. 1917ರಲ್ಲಿ ಅಮೆರಿಕ ಯುದ್ಧಕ್ಕಿಳಿದು ಅವನ್ನ ವಶಕ್ಕೆ ತಗೊಳ್ಳೋದು ಖಚಿತ ಅಂತಾದಾಗ ನಾವಿಕರು ಸ್ಟೀಮ್ ಎಂಜಿನ್ನುಗಳ ಬೀಡಿನ ಸಿಲಿಂಡರುಗಳನ್ನ ಒಡೆದು ಹಾಕಿದ್ರು. ಹೊಸ ಸಿಲಿಂಡರ್ ಎರಕ ಹೊಯ್ದು ಕೂರಿಸೋಷ್ಟರಲ್ಲಿ ಯುದ್ಧವೇ ಮುಗಿಯುತ್ತೆ ಅನ್ನೋದು ಅವರ ಲೆಕ್ಕ. ಅಮೆರಿಕದ ನೌಕಾಪಡೆ ಎಲೆಕ್ಟ್ರಿಕ್ ವೆಲ್ಡಿಂಗ್ ಹಿಡಿದು ಒಡೆದ ಚೂರುಗಳನ್ನೇ ಜೋಡಿಸಿ ಕೆಲವೇ ತಿಂಗಳಲ್ಲಿ ಹಡಗುಗಳನ್ನ ಓಡಿಸ್ತು. ಅವೇ ಹಡಗುಗಳಲ್ಲಿ ಅಮೆರಿಕದ ಸೈನಿಕರು ಜರ್ಮನಿ ವಿರುದ್ಧ ಹೋದ್ರು. ಯುದ್ಧಕಾಲದ ವೆಲ್ಡಿಂಗ್ ಸಮಿತಿಯೇ ಮುಂದೆ 1919ರಲ್ಲಿ ಅಮೆರಿಕನ್ ವೆಲ್ಡಿಂಗ್ ಸೊಸೈಟಿ ಆಯಿತು.

ಬೆಂಕಿಯೇ ಬೇಡ ಅನ್ನೋ ದಾರಿಯೂ ಇದೆ. 1930ರ ದಶಕದಲ್ಲಿ ಟೆಕ್ಸಾಸಿನ ತೈಲ ಬಾವಿಗಳ ಹತ್ರ ಎಂಜಿನ್ ಒಡೆದ್ರೆ ವೆಲ್ಡ್ ಮಾಡೋ ಹಾಗಿರಲಿಲ್ಲ, ಕಿಡಿ ಹಾರಿದ್ರೆ ಊರೇ ಹೋಗುತ್ತೆ. ಹಾಲ್ ಹಾರ್ಮನ್ ಅನ್ನೋನು ಬಿರುಕಿಗೆ ಅಡ್ಡಲಾಗಿ ತೂತುಗಳ ಸಾಲು ಕೊರೆದು, ಅದರೊಳಗೆ ಮೆತ್ತನೆ ಲೋಹದ ಕೀಲಿಗಳನ್ನ ಸುತ್ತಿಗೆಯಲ್ಲಿ ಬಡಿದು ಕೂರಿಸಿದ. ಹರಿದ ಚೀಲಕ್ಕೆ ದಬ್ಬಳ ಹಾಕಿ ಹೊಲಿಗೆ ಹಾಕಿದ ಹಾಗೆ. ದೊಡ್ಡ ಎಂಜಿನ್ ಬ್ಲಾಕುಗಳಿಗೆ ಇವತ್ತೂ ಇದು ನಡೆಯುತ್ತೆ. ಬೈಕ್ ಸಿಲಿಂಡರಿನ ತೆಳು ಗೋಡೆಗೆ ಒಗ್ಗೋದು ಅಪರೂಪ.

ಅಲ್ಯೂಮಿನಿಯಂ ವಿಷಯಕ್ಕೆ ಬಂದ್ರೆ ಆಟವೇ ಬೇರೆ. ಅದು ಕರಗೋದು 660 ಡಿಗ್ರಿಗೆ. ಅದರ ಮೈಮೇಲೆ ಸದಾ ಇರೋ ಆಕ್ಸೈಡ್ ಪೊರೆ ಕರಗೋದು 2000 ಡಿಗ್ರಿ ದಾಟಿದ ಮೇಲೆ. ಒಳಗೆ ಲೋಹ ನೀರಾದ್ರೂ ಹೊರಗಿನ ಪೊರೆ ಬಿಟ್ಕೊಡಲ್ಲ, ಹಾಲಿನ ಕೆನೆ ಥರ. ಸಾಲದ್ದಕ್ಕೆ, ಕಬ್ಬಿಣದ ಹಾಗೆ ಕೆಂಪಗಾಗಿ ಸೂಚನೆ ಕೊಡೋದೂ ಇಲ್ಲ. ಬೆಳ್ಳಗೇ ಇದ್ದು ಇದ್ದಕ್ಕಿದ್ದಂತೆ ತೊಪ್ಪಂತ ಕೆಳಗೆ ಬೀಳುತ್ತೆ. ಗ್ಯಾಸ್ ವೆಲ್ಡರುಗಳು ಇದಕ್ಕೊಂದು ಉಪಾಯ ಕಂಡ್ಕೊಂಡಿದ್ರು: ಬಟ್ಟೆ ಸೋಪಿನ ತುಂಡಿಂದ ಗೆರೆ ಎಳೆದು ಕಾಯಿಸೋದು, ಗೆರೆ ಕಂದು ತಿರುಗಿ ಕಪ್ಪಾದಾಗ ಹುಷಾರಾಗೋದು. ಪೊರೆಯನ್ನ ಕರಗಿಸೋಕೆ ಫ್ಲಕ್ಸ್ ಪುಡಿ ಬೇಕೇ ಬೇಕು. ಕೆಲಸ ಆದ ಮೇಲೆ ಅದನ್ನ ಬಿಸಿನೀರಲ್ಲಿ ಉಜ್ಜಿ ತೊಳೀದೇ ಬಿಟ್ರೆ ಆ ಉಪ್ಪೇ ಕೇಸನ್ನ ತಿಂದು ಹಾಕುತ್ತೆ.

ಇದಕ್ಕೆ ಒಳ್ಳೇ ಉತ್ತರ ಬಂದಿದ್ದು ವಿಮಾನದಿಂದ. ಎರಡನೇ ಮಹಾಯುದ್ಧದ ಹೊತ್ತಿಗೆ ಅಮೆರಿಕದ ನಾರ್ತ್ರಪ್ ಕಂಪನಿಗೆ ಮೆಗ್ನೀಸಿಯಂ ವಿಮಾನ ಕಟ್ಟೋ ಆಸೆ. ಮೆಗ್ನೀಸಿಯಂ ಗಾಳಿಯಲ್ಲಿ ಹೊತ್ತಿ ಉರಿಯೋ ಲೋಹ. ಅಲ್ಲಿನ ರಸೆಲ್ ಮೆರೆಡಿತ್ ಕರಗದ ಟಂಗ್‌ಸ್ಟನ್ ಕಡ್ಡಿಯಿಂದ ವಿದ್ಯುತ್ ಕಿಡಿ ಹಾಯಿಸಿ, ಸುತ್ತ ಹೀಲಿಯಂ ಊದಿ ಗಾಳಿಯನ್ನ ದೂರ ಇಟ್ಟ. 1942ರಲ್ಲಿ ಪೇಟೆಂಟ್ ಸಿಕ್ಕಿತು. ಹೀಲಿಯಂ ಜಾಗಕ್ಕೆ ಮುಂದೆ ಹೆಚ್ಚಾಗಿ ಆರ್ಗಾನ್ ಬಂತು. ಅಲ್ಯೂಮಿನಿಯಂಗೆ ಎಸಿ ಕರೆಂಟ್ ಕೊಟ್ರೆ ಒಂದು ಅರ್ಧ ಸುತ್ತು ಆ ಪೊರೆಯನ್ನ ಒಡೆದು ಹಾರಿಸುತ್ತೆ, ಇನ್ನರ್ಧ ಲೋಹವನ್ನ ಕಾಯಿಸುತ್ತೆ. ಪುಸ್ತಕದಲ್ಲಿ ಇದಕ್ಕೆ ಟಿಗ್ ಅಂತ ಹೆಸರು. ಪೀಣ್ಯದಲ್ಲಿ ಹೋಗಿ ಕೇಳಿ, 'ಆರ್ಗಾನ್ ವೆಲ್ಡಿಂಗ್' ಅಂದ್ರೇ ಎಲ್ಲರಿಗೂ ಅರ್ಥ ಆಗೋದು.

ಯಂತ್ರ ಬಂದ ಮಾತ್ರಕ್ಕೆ ಕೆಲಸ ಸಲೀಸಲ್ಲ. ಐವತ್ತು ವರ್ಷದ ಕೇಸಿನ ಸೂಕ್ಷ್ಮ ರಂಧ್ರಗಳಲ್ಲಿ ಐವತ್ತು ವರ್ಷದ ಆಯಿಲ್ ಇಳಿದಿರುತ್ತೆ. ಪೀಣ್ಯದ ವೆಲ್ಡರ್ ಒಬ್ಬರು ಹೇಳಿದ್ದು: "ಸಾರ್, ಇದು ಅಲ್ಯೂಮಿನಿಯಂ ಅಲ್ಲ, ಎಣ್ಣೆ ಕುಡಿದ ಬಿಸ್ಕೆಟ್ಟು." ಬಿಸಿ ತಾಗಿದ ಕೂಡಲೇ ಎಣ್ಣೆ ಹೊರಗೆ ಬಂದು ಬೆಸುಗೆಯಲ್ಲಿ ಕಪ್ಪು ಗುಳ್ಳೆ ಏಳುತ್ತೆ. ಕಾಯಿಸು, ಒರೆಸು, ಮತ್ತೆ ಕಾಯಿಸು. ಮೂರು ನಾಲ್ಕು ಸಲ ಆದ ಮೇಲೆ ಬಿರುಕನ್ನ ವಿ ಆಕಾರಕ್ಕೆ ಕೊರೆದು ತುಂಬೋದು. ಆಗ ಇನ್ನೊಂದು ಭಯ: ಶಾಖಕ್ಕೆ ಕೇಸ್ ಸೊಟ್ಟಗಾದ್ರೆ ಬೇರಿಂಗ್ ಮನೆ ಜಾಗ ಬಿಡುತ್ತೆ. ಕೇಸಿನ ಎರಡು ಹೋಳುಗಳನ್ನ ಸಾಮಾನ್ಯವಾಗಿ ಜೋಡಿಯಾಗೇ ಕೊರೆದಿರ್ತಾರೆ. ಹಾಗಾಗಿ ವೆಲ್ಡ್ ಮಾಡುವಾಗ ಎರಡೂ ಹೋಳನ್ನ ಬೋಲ್ಟ್ ಹಾಕಿ ಬಿಗಿದಿಡ್ತಾರೆ. ಒಂದು ಹೋಳನ್ನ ಮಾತ್ರ ಗುಜರಿಯಿಂದ ತಂದು ಹಾಕಬಾರದು ಅನ್ನೋದೂ ಇದಕ್ಕೇ.

ಎಂ-ಸೀಲ್ ಮೆತ್ತಿ ಓಡಿಸೋರ ಬಗ್ಗೆ ಕೇಳ್ತೀರಾ? ಗೇರ್ ಆಯಿಲ್ ಜಿನುಗೋ ಕಡೆ ಊರು ತಲುಪೋವರೆಗೆ ಆಗಬಹುದು. ಒತ್ತಡ, ಬಿಸಿ, ಪೆಟ್ರೋಲ್ ಮೂರೂ ಇರೋ ಕಡೆ ಅದನ್ನ ನಂಬೋದು ಧೈರ್ಯ ಅಲ್ಲ. ಇನ್ನು ವೆಲ್ಡೇ ಮಾಡಬಾರದ ಭಾಗಗಳೂ ಇವೆ. ಮುಂದಿನ ಫೋರ್ಕನ್ನ ಹಿಡಿಯೋ ಬ್ರ್ಯಾಕೆಟ್, ಬ್ರೇಕಿನ ತೋಳು, ಚಕ್ರದ ಅಚ್ಚು. ಕೇಸಿನ ಬೆಸುಗೆ ಬಿಟ್ರೆ ನೀವು ರಸ್ತೆ ಬದಿ ನಿಲ್ತೀರಿ, ದುರದೃಷ್ಟ ಇದ್ರೆ ಬೀಳ್ತೀರಿ. ಇವು ಬಿಟ್ರೆ ಅದೃಷ್ಟದ ಮಾತೇ ಬರಲ್ಲ. ಒರಿಜಿನಲ್ ಅನ್ನೋ ಮೋಹದಲ್ಲಿ ಅವನ್ನೂ ಬೆಸೆದು ಓಡಿಸೋ ಸಂಗ್ರಹಕಾರರನ್ನ ನೋಡಿದ್ದೀನಿ. 1842ರ ಅಚ್ಚಿನ ಕಥೆ ಅವರಿಗೆ ಯಾರೂ ಹೇಳಿಲ್ಲ ಅನ್ಸುತ್ತೆ.

ಒರಿಜಿನಲ್ ಅನ್ನೋದಕ್ಕೆ ಈಗ ಕಾನೂನಿನ ತೂಕವೂ ಬಂದಿದೆ. 2021ರಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ವಾಹನಗಳಿಗೆ ಬೇರೆ ನೋಂದಣಿ ನಿಯಮ ತಂದಿತು. ಮೊದಲ ನೋಂದಣಿಯಾಗಿ 50 ವರ್ಷ ದಾಟಿರಬೇಕು. ಚಾಸಿಸ್, ಬಾಡಿ, ಎಂಜಿನ್‌ನಲ್ಲಿ ದೊಡ್ಡ ಮಾರ್ಪಾಡು ಆಗಿರಬಾರದು. ಯಾದವಗಿರಿಯಿಂದ ಜಾವಾ ಹೆಸರಲ್ಲಿ ಹೊರಬಂದ ಬೈಕುಗಳು ಆ ಗೆರೆ ದಾಟಿವೆ, ಮೊದಮೊದಲ ಯೆಜ್ಡಿಗಳು ಈಗ ದಾಟ್ತಾ ಇವೆ. ಅದೇ ಹೊತ್ತಿಗೆ ಸುಣ್ಣದ ಗೆರೆ ಓದಬಲ್ಲ, ಬೂದಿಯಲ್ಲಿ ಮಲಗಿಸಬಲ್ಲ ಕೈಗಳಿಗೂ ಅರವತ್ತು ಎಪ್ಪತ್ತಾಗಿದೆ. ಅವರ ಮಕ್ಕಳಲ್ಲಿ ಕೆಲವರು ನನ್ನ ಹಾಗೇ ಬಿಇ ಮಾಡಿ ಲ್ಯಾಪ್‌ಟಾಪ್ ಮುಂದೆ ಕೂತಿದ್ದಾರೆ.

ಕೆಲಸ ಮುಗಿದ ಮೇಲಿನ ಪರೀಕ್ಷೆ ಸುಲಭ, ಬೇಕಾದ್ರೆ ನಿಂತು ನೋಡಿ. ಎಂಜಿನ್ ಜೋಡಿಸಿ, ಕಾರ್ಬುರೇಟರ್ ಮತ್ತು ಸೈಲೆನ್ಸರ್ ಕೂರೋ ಬಾಯಿಗಳನ್ನ ರಬ್ಬರಿಂದ ಮುಚ್ಚಿ, ಒಂದು ಕಡೆಯಿಂದ ಸೈಕಲ್ ಪಂಪಲ್ಲಿ ಚೂರೇ ಚೂರು ಗಾಳಿ ತುಂಬ್ತಾರೆ. ಬೆಸುಗೆ ಮೇಲೆ ಸೋಪಿನ ನೀರು ಸವರ್ತಾರೆ. ಗುಳ್ಳೆ ಎದ್ರೆ ಮತ್ತೆ ಎಲ್ಲಾ ಬಿಚ್ಚಬೇಕು. ಏಳದಿದ್ರೆ ಬೆಸುಗೆಯ ಉಬ್ಬನ್ನ ಗ್ರೈಂಡರಿಂದ ಸವರಿ ಮಟ್ಟ ಮಾಡ್ತಾರೆ, ನಂಬರ್ ಒತ್ತಿರೋ ಜಾಗಕ್ಕೆ ಮಾತ್ರ ಟೇಪ್ ಅಂಟಿಸಿಟ್ಟು.